ಅಧ್ಯಕ್ಷರ ಮನೆಯ ಥಂಡಿ ಪೆಟ್ಟಿಗೆ

ಹೆಚ್ಚುಕಡಿಮೆ ಒಂದು ವರ್ಷ ನಮ್ಮ ಮನೆಯ ಪಡಸಾಲೆಯಲ್ಲಿ ಹೆಣ ಇಡುವ ಪೆಟ್ಟಿಗೆಯೊಂದು ಇತ್ತು. ಹೆಣ ಇರಲಿಲ್ಲ, ಪೆಟ್ಟಿಗೆ ಮಾತ್ರ. ಇದನ್ನು ಯಾರಿಗಾದರೂ ಹೇಳಿದರೆ ಅವರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ "ಯಾಕ್ರಿ?" ಎನ್ನುತ್ತಾರೆ. ಯಾಕೆಂದರೆ ನನ್ನ ಗಂಡ ಆ ವರ್ಷ ಕ್ಲಬ್ಬಿನ ಅಧ್ಯಕ್ಷರಾಗಿದ್ದರು. ಇದಕ್ಕಿಂತ ದೊಡ್ಡ ಕಾರಣ ನನಗೂ ಈವರೆಗೆ ಸಿಕ್ಕಿಲ್ಲ.

ಸಾಂಗ್ಲಿ, ಮಿರಜ, ಕುಪವಾಡ ಮೂರೂ ಕೂಡಿ ಒಂದೇ ಮಹಾನಗರಪಾಲಿಕೆ ಆದ ಹೊಸತು ಅದು. ಓಣಿಗೊಂದು ಎಸ್‌ಟಿಡಿ ಬೂತು ಬಂದಿತ್ತು, ಮನೆಮನೆಗೆ ಕೇಬಲ್ಲು ಬಂದಿತ್ತು. ಅರಿಷಿಣದ ಪೇಟೆಯ ವ್ಯಾಪಾರಿಗಳು ಸ್ಕೂಟರು ಬಿಟ್ಟು ಕಾರು ಹತ್ತಿದ್ದರು. ಕಾರು ಬಂದ ಮೇಲೆ ಅದರಲ್ಲಿ ಕೂತು ಹೋಗಲು ಒಂದು ಜಾಗ ಬೇಕಲ್ಲ, ಹಾಗಾಗಿ ಸಮಾಜಸೇವೆಯ ಕ್ಲಬ್ಬು ಹುಟ್ಟಿತು ಎಂದು ನಾನು ಹೇಳಿದರೆ ನಮ್ಮವರಿಗೆ ಸಿಟ್ಟು ಬರುತ್ತಿತ್ತು. ಬರಲಿ, ಬಿಡಿ. ಇದ್ದದ್ದು ಹಾಗೇ.

ಪ್ರತಿ ಬುಧವಾರ ಸಂಜೆ ಒಂದು ಮಂಗಲ ಕಾರ್ಯಾಲಯದ ಮೇಲಿನ ಮಹಡಿಯಲ್ಲಿ ಸಭೆ. ಅಧ್ಯಕ್ಷರ ಕೊರಳಿಗೆ ಎತ್ತಿಗೆ ಕಟ್ಟುವಂಥ ದಪ್ಪ ಸರಪಳಿ, ಮುಂದೆ ಹಿತ್ತಾಳೆಯ ಗಂಟೆ. ಗಂಟೆ ಹೊಡೆದರೆ ಎಲ್ಲರೂ ಎದ್ದು ಇಂಗ್ಲಿಷಿನಲ್ಲಿ ಪ್ರತಿಜ್ಞೆ ಹೇಳುವುದು, ಮರಾಠಿಯಲ್ಲಿ ವರದಿ ಓದುವುದು, ಜಗಳ ಬಂದರೆ ಕನ್ನಡಕ್ಕೆ ಇಳಿಯುವುದು. ಒಂದು ಕಸುಬಿಗೆ ಒಬ್ಬನೇ ಸದಸ್ಯ ಎಂಬ ನಿಯಮವೊಂದಿತ್ತು. ಸಾಂಗ್ಲಿಯಲ್ಲಿ ಅರಿಷಿಣದ ಹೊರತು ಕಸುಬು ಎಲ್ಲಿಂದ ತರಬೇಕು? ಹಾಗಾಗಿ ಒಬ್ಬರು ಬೇರಿನ ಅರಿಷಿಣ, ಇನ್ನೊಬ್ಬರು ಪುಡಿ ಅರಿಷಿಣ, ಮತ್ತೊಬ್ಬರು ಅರಿಷಿಣಕ್ಕೆ ಪಾಲಿಶು, ಮಗದೊಬ್ಬರು ನೆಲದ ಹಗೇವಿನಲ್ಲಿ ಅರಿಷಿಣ ಕಾಯ್ದಿಡುವವರು. ನಮ್ಮವರು ಅರಿಷಿಣದ ದಲಾಲಿ. ಸಭೆಗೆ ಹೊಸ ಅತಿಥಿ ಬಂದಾಗ ಒಬ್ಬೊಬ್ಬರೇ ಎದ್ದು ಪರಿಚಯ ಹೇಳುತ್ತಿದ್ದರೆ ಅತಿಥಿ ಪಾಪ ಮಿಕಮಿಕ ನೋಡುತ್ತಿದ್ದ.

ಇನ್ನು ಊಟ. ಸಭೆಯ ಕೊನೆಗೆ ಎಲ್ಲರೂ ಕೂಡಿ ಉಣ್ಣಲೇಬೇಕು, ಅದು ಸ್ನೇಹ ಬೆಳೆಸುವ ಕಾರ್ಯಕ್ರಮ. ಆದರೆ ಸದಸ್ಯರಲ್ಲಿ ಅರ್ಧಕ್ಕೂ ಹೆಚ್ಚು ಜನ ನಮ್ಮಂಥ ಜೈನರು. ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟುವವರಲ್ಲ. ಹೀಗಾಗಿ ಅವರು ಮನೆಯಲ್ಲೇ ಉಂಡು ಬಂದು, ಖಾಲಿ ತಾಟಿನ ಮುಂದೆ ಸಾಲಾಗಿ ಕೂತು, ಉಣ್ಣುವವರ ಬಾಯಿ ನೋಡುತ್ತ ಸ್ನೇಹ ಬೆಳೆಸುತ್ತಿದ್ದರು. ಕುಟುಂಬ ಸಮೇತ ಕರೆಯುವ ಬುಧವಾರಗಳಲ್ಲಿ ನಾನೂ ಹೋಗಿ ಖಾಲಿ ತಾಟಿನ ಮುಂದೆ ಕೂತಿದ್ದೇನೆ. ನಗು ತಡೆಯುವುದೇ ಒಂದು ವ್ರತವಾಗಿತ್ತು.

ಪೆಟ್ಟಿಗೆಯ ವಿಚಾರ ಹುಟ್ಟಿದ್ದು ಮಿರಜಿನ ಕ್ಲಬ್ಬಿನ ಮೇಲಿನ ಹೊಟ್ಟೆಕಿಚ್ಚಿನಿಂದ. ಊರುಗಳು ಒಂದಾದರೂ ಕ್ಲಬ್ಬುಗಳು ಒಂದಾಗಿರಲಿಲ್ಲ. ಮಿರಜಿನವರು ಒಂದು ಆಂಬುಲೆನ್ಸ್ ದಾನ ಮಾಡಿ, ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಪೇಪರಿನಲ್ಲಿ ಹಾಕಿಸಿದರು. ಆ ಬುಧವಾರ ನಮ್ಮವರು ಗಂಟೆಯನ್ನು ಎಂದಿಗಿಂತ ಜೋರಾಗಿ ಹೊಡೆದು ಭಾಷಣ ಮಾಡಿದರು.

"ಜೀವಂತ ಇದ್ದವರನ್ನೆಲ್ಲಾ ಮಿರಜದವ್ರು ಹಿಡಕೊಂಡ ಕುಂತಾರ. ದವಾಖಾನಿ ಅವರ ಕಡೆ, ಡಾಕ್ಟರ್ ಅವರ ಕಡೆ, ಈಗ ಆಂಬುಲೆನ್ಸೂ ಅವರ ಕಡೆ. ನಮಗ ಉಳದವ್ರಂದ್ರ ಸತ್ತವ್ರಷ್ಟ. ಅವರ ಸೇವಾ ಮಾಡೂಣು."

ಚಪ್ಪಾಳೆಯೋ ಚಪ್ಪಾಳೆ. ಈಗೀಗ ಮಕ್ಕಳು ಪುಣೆ, ಮುಂಬಯಿ ಸೇರಿದ್ದಾರೆ, ಅವರು ಬಂದು ಮುಖ ನೋಡುವವರೆಗೆ ಹೆಣ ಕೆಡದಂತೆ ಇಡಬೇಕು, ಅದಕ್ಕೊಂದು ಥಂಡಿ ಪೆಟ್ಟಿಗೆ ಬೇಕು ಎಂದು ಠರಾವಾಯಿತು. ಕ್ಲಬ್ಬಿನ ಕಾರ್ಯದರ್ಶಿಗೆ ಕುಪವಾಡದ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ಐಸ್‌ಕ್ರೀಮ್ ಅಂಗಡಿಗಳಿಗೆ ಫ್ರೀಜರ್ ಮಾಡಿಕೊಡುವ ಸಣ್ಣ ಕಾರಖಾನೆ ಇತ್ತು. ಒಳ್ಳೆಯ ಲಿಂಗಾಯತ ಮನೆತನದ, ಕೆಲಸದಲ್ಲಿ ಅಚ್ಚುಕಟ್ಟಾದ ಮನುಷ್ಯ. ಅದೇ ಫ್ರೀಜರನ್ನು ಉದ್ದ ಮಾಡಿ, ಮೇಲೆ ಗಾಜಿನ ಮುಚ್ಚಳ ಹಾಕಿ, ಬದಿಗೆ ಕೆಂಪು ದೀಪ ಕೂಡಿಸಿ ತಂದುಬಿಟ್ಟ. ಅದನ್ನು ಇಡುವುದೆಲ್ಲಿ? ಮಂಗಲ ಕಾರ್ಯಾಲಯದ ಮಾಲೀಕ, "ಮದುವಿ ಆಗೂ ಜಾಗಾದಾಗ ಹೆಣದ ಪೆಟಗಿ ಇಡತೀರೇನ್ರಿ?" ಎಂದು ಮೈಮೇಲೆ ಬಂದ. ಕ್ಲಬ್ಬಿಗೆ ಸ್ವಂತ ಜಾಗವಿರಲಿಲ್ಲ. ಅಧ್ಯಕ್ಷರ ಪಡಸಾಲೆ ದೊಡ್ಡದಿತ್ತು. ನನ್ನನ್ನು ಯಾರೂ ಕೇಳಲಿಲ್ಲ.

ಪಡಸಾಲೆ ಅಂದರೆ ನಮ್ಮತ್ತೆಯ ರಾಜ್ಯ. ಅಲ್ಲೇ ಅವರ ಮಂಚ, ಅಲ್ಲೇ ಜಪ, ಅಲ್ಲೇ ಊರ ಪಂಚಾಯಿತಿ. ಗಿಡ್ಡ ಆಸಾಮಿ, ಆದರೆ ದನಿ ಬಾಗಿಲಾಚೆಯ ರಿಕ್ಷಾದವರಿಗೂ ಕೇಳುವಂಥದ್ದು. ಕಾಸಿ ಆರಿಸಿದ ನೀರು ಬಿಟ್ಟು ಬೇರೆ ಕುಡಿದವರಲ್ಲ, ನೆಲದೊಳಗೆ ಬೆಳೆದ ಗಡ್ಡೆ ತಿಂದವರಲ್ಲ, ಬರ್ಫದ ತುಣುಕನ್ನಂತೂ ಮುಟ್ಟಿದವರೇ ಅಲ್ಲ. ನಾಲ್ಕು ಜನ ಹೊತ್ತು ತಂದ ಪೆಟ್ಟಿಗೆಯನ್ನು ಅವರು ಮಂಚದ ಮೇಲಿಂದಲೇ ನೋಡಿದರು.

"ಇದೇನೋ, ಐಸಕ್ರೀಮಿನ ಅಂಗಡಿ ತಗಿತಿಯೇನ?"

ನಮ್ಮವರು ಹೆಮ್ಮೆಯಿಂದ ಎಲ್ಲ ಬಿಡಿಸಿ ಹೇಳಿದರು. ಹೆಣ ಎಲ್ಲಿ ಮಲಗುತ್ತದೆ, ತಲೆ ಯಾವ ಕಡೆ, ದೀಪ ಯಾವಾಗ ಹತ್ತುತ್ತದೆ. ಅತ್ತೆ ಪೂರ್ತಿ ಕೇಳಿಸಿಕೊಂಡರು.

"ನಾ ಸತ್ತ ಮ್ಯಾಲ ನನ್ನ ಇದರಾಗ ಹಾಕೀದಿ ಅಂದ್ರ, ಎದ್ದ ಬಂದು ಕಪಾಳಕ್ಕ ಹೊಡಿತೇನಿ, ನೋಡಕೊ. ಜೀವ ಹೋದ ಕೂಡಲೆ ಸುಟ್ಟಬಿಡ್ರಿ. ಯಾರ ಸಲುವಾಗಿನೂ ಕಾಯಬ್ಯಾಡ್ರಿ. ಹ್ಞೂಂ ಅನ್ನು."

ಇದು ಮುದುಕಿಯ ಹಟ ಮಾತ್ರವಲ್ಲ. ಜೀವ ಹೋದ ದೇಹದಲ್ಲಿ ಗಳಿಗೆಗಳಿಗೆಗೆ ಕಣ್ಣಿಗೆ ಕಾಣದ ಸಣ್ಣ ಜೀವಿಗಳು ಹುಟ್ಟುತ್ತಲೇ ಇರುತ್ತವೆ, ತಡ ಮಾಡಿದಷ್ಟೂ ಅವೆಲ್ಲ ಚಿತೆಯಲ್ಲಿ ಸುಡುತ್ತವೆ ಎಂಬುದು ನಮ್ಮ ಜೈನರ ನಂಬಿಕೆ. ಅದಕ್ಕೇ ನಮ್ಮಲ್ಲಿ ಅವಸರ. ಇರುವೆಯನ್ನೂ ದಾಟಿ ನಡೆದ ಜೀವ ಅದು, ಕೊನೆಯ ದಿನ ಆ ಪಾಪ ಹೊರಲು ಅವರಿಗೆ ಮನಸ್ಸಿರಲಿಲ್ಲ. ನಮ್ಮವರು ಹ್ಞೂಂ ಅನ್ನಲಿಲ್ಲ.

"ಮೀಟಿಂಗನ್ಯಾಗ ಮಾತಾಡಿ ಹೇಳತೇನವ್ವಾ" ಎಂದರು.

ನನಗೆ ನೆತ್ತಿಗೇರಿತು. ಹೆತ್ತ ತಾಯಿಯ ಹೆಣದ ವಿಚಾರಕ್ಕೆ ಬುಧವಾರದ ಮೀಟಿಂಗು! ಅತ್ತೆ ಮಾತ್ರ ತಲೆ ಕೆಡಿಸಿಕೊಳ್ಳಲಿಲ್ಲ. "ಅದರ ಮ್ಯಾಲ ಒಂದ ಚಾದರ ಹಾಕವಾ, ನನ್ನ ನೋಡಾಕತ್ತೈತಿ" ಎಂದರು. ಹಾಕಿದೆ.

ಮುಂದಿನ ಕುಟುಂಬ ಸಮೇತದ ಬುಧವಾರ ಅಸಲಿ ಗಮ್ಮತ್ತು ನಡೆಯಿತು. ಪೆಟ್ಟಿಗೆಯ ಉದ್ಘಾಟನೆ ಹೇಗೆ ಎಂಬ ಚರ್ಚೆ. ಖಾಲಿ ಪೆಟ್ಟಿಗೆಗೆ ರಿಬ್ಬನ್ ಕತ್ತರಿಸಿದರೆ ಶೋಭೆ ಇಲ್ಲ, ಒಳಗೆ ಯಾರಾದರೂ ಬೇಕು. ಮೊದಲು ಯಾರ ಮನೆಯಿಂದ? ಆಗ ಪುಡಿ ಅರಿಷಿಣದವರು ಮೆಲ್ಲಗೆ ಎದ್ದರು.

"ಅಧ್ಯಕ್ಷರ, ನಮ್ಮ ಜೈನರಾಗ ಕಾಯೂ ಪದ್ಧತಿನ ಇಲ್ಲಲ್ರಿ?"

ಇಡೀ ಕ್ಲಬ್ಬಿನಲ್ಲಿ ಯಾರಿಗೂ ಇದು ಹೊಳೆದಿರಲಿಲ್ಲ ನೋಡಿ. ನಮ್ಮವರಿಗೆ ಅವರವ್ವನೇ ಹೇಳಿದ್ದರೂ ಹೊಳೆದಿರಲಿಲ್ಲ. ಎಲ್ಲರೂ ಕಾರ್ಯದರ್ಶಿಯ ಕಡೆ ತಿರುಗಿದರು.

"ನಿಮ್ಮ ಲಿಂಗಾಯತರಾಗ ಹ್ಯಾಂಗ್ರಿ?"

"ನಮ್ಮಾಗ ಕುಂದ್ರಸ್ತಾರ್ರಿ" ಎಂದ ಕಾರ್ಯದರ್ಶಿ. "ಕುಂದ್ರಿಸೇ ಮಣ್ಣ ಮಾಡೂದು. ಮಲಗಸೂದಿಲ್ಲ."

"ಹಂಗಾರ ಪೆಟಗಿ ಎತ್ತರ ಮಾಡಬೇಕಾಗಿತ್ತಲ್ಲೋ ಮಾರಾಯಾ!"

"ನೀವು ಉದ್ದ ಹೇಳಿದ್ರಿ, ಉದ್ದ ಮಾಡೇನಿ. ಎತ್ತರ ಯಾರ ಹೇಳಿದ್ರು?"

ಉಳಿದವರೆಂದರೆ ಕಾಲೇಜಿನಿಂದ ನಿವೃತ್ತರಾದ ಒಬ್ಬ ಬ್ರಾಹ್ಮಣ ಪ್ರಾಧ್ಯಾಪಕರು. ವಯಸ್ಸಾದವರು, ಮಗ ಮುಂಬಯಿಯಲ್ಲಿದ್ದಾನೆ, ಮಲಗಿಸುವ ಪದ್ಧತಿ. ಎಲ್ಲ ಕೂಡಿಬಂದಿತ್ತು. ಇಡೀ ಸಭೆ ಅವರನ್ನೇ ನೋಡತೊಡಗಿತು. ಅವರು ಕೈಯಲ್ಲಿದ್ದ ಪೂರಿಯನ್ನು ತಾಟಿಗೆ ಇಳಿಸಿ, "ಮೀ ಯೇತೋ" ಎಂದು ಮರಾಠಿಯಲ್ಲಿ ಅಪ್ಪಣೆ ಕೇಳಿ ಎದ್ದು ನಡೆದರು. ಮತ್ತೆ ಯಾವ ಬುಧವಾರವೂ ಬರಲಿಲ್ಲ.

ಈಗ ಹೊರಗೆ ಹುಡುಕಬೇಕಾಯಿತು. ಊರಲ್ಲಿ ಯಾರಿಗೆ ಹುಷಾರಿಲ್ಲ ಎಂದು ಕೇಳಿ, ಹಣ್ಣು ಹಂಪಲು ಹಿಡಿದು, ಕೋಟಿಗೆ ಬಿಲ್ಲೆ ಸಿಕ್ಕಿಸಿಕೊಂಡು ಕ್ಲಬ್ಬಿನವರು ಹೋಗುವುದು. "ಹ್ಯಾಂಗದಾರ್ರಿ ಈಗ? ಊಟಾ ಮಾಡಾಕತ್ತಾರೇನು?" ಮಾಡುತ್ತಿದ್ದಾರೆ ಎಂದರೆ ಇವರ ಮುಖ ಸಣ್ಣದಾಗುವುದು. ಒಬ್ಬ ಬಟ್ಟೆ ವ್ಯಾಪಾರಿಯ ಹೆಂಡತಿ ಸೇಬುಹಣ್ಣುಗಳನ್ನು ಒಂದೊಂದಾಗಿ ಇವರ ಬೆನ್ನಿಗೇ ಎಸೆದಳಂತೆ. ಕಾರ್ಯದರ್ಶಿ ಎರಡನ್ನು ಹಿಡಿದುಕೊಂಡು ಬಂದಿದ್ದ.

ಆಮೇಲೆ ಪಕ್ಕದ ಹಳ್ಳಿ ಕವಲಾಪುರದ ಪ್ರಸಂಗ. ಅಲ್ಲಿಯ ಒಬ್ಬ ಹಿರಿಯರು ತಿಂಗಳಾನುಗಟ್ಟಲೆ ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಒಂದು ದಿನ ಅವರು ಹೋಗೇಬಿಟ್ಟರು ಎಂದು ಪೇಟೆಯಲ್ಲಿ ಸುದ್ದಿಯಾಯಿತು. ಸುದ್ದಿ ಖರೆಯೋ ಸುಳ್ಳೋ ಎಂದು ನೋಡುವ ಸಮಾಧಾನ ಯಾರಿಗಿತ್ತು? ಪೆಟ್ಟಿಗೆಯನ್ನು ಟೆಂಪೋದಲ್ಲಿ ಹೇರಿ, ಮೇಲೆ ಕ್ಲಬ್ಬಿನ ಬ್ಯಾನರ್ ಕಟ್ಟಿ, ಫೋಟೋಗ್ರಾಫರನನ್ನು ಹತ್ತಿಸಿಕೊಂಡು ಹೊರಟೇಬಿಟ್ಟರು. ನೇರ ಮನೆಯೊಳಗೆ ತಂದು ಇಳಿಸಿ, ಪ್ಲಗ್ ಎಲ್ಲಿ ಎಂದು ಕೇಳುತ್ತಿರುವಾಗ ಹಿರಿಯರು ಕಣ್ಣು ಬಿಟ್ಟರು. ಗಾಜಿನ ಪೆಟ್ಟಿಗೆ ನೋಡಿದರು, ಫೋಟೋಗ್ರಾಫರನನ್ನು ನೋಡಿದರು. ಕಂಬಳಿ ಕೊಡವಿ ಎದ್ದು, ಧೋತರ ಸರಿಮಾಡಿಕೊಂಡು, ಹಿತ್ತಲ ಬಾಗಿಲಿನಿಂದ ಹೊಲದ ಕಡೆ ಬಿರಬಿರನೆ ನಡೆದುಹೋದರು. ಸಂಜೆ ಬಂದು ಎರಡು ಭಕ್ರಿ ಉಂಡರಂತೆ.

ನಮ್ಮವರು ತಲೆ ತಗ್ಗಿಸಿಕೊಂಡು ಮನೆಗೆ ಬಂದರು. ಆದರೆ ಸುದ್ದಿ ಹರಡುವ ರೀತಿಯೇ ಬೇರೆ. ಮುಂದಿನ ವಾರ ಒಬ್ಬ ಮನುಷ್ಯ ಬಂದು ಕೈಮುಗಿದ. "ನಮ್ಮ ಅಪ್ಪಗೂ ಒಮ್ಮೆ ಪೆಟಗಿ ತೋರಿಸಿ ಹೋಗ್ರಿ. ದವಾಖಾನಿಗೆ ತಿರುಗಿ ತಿರುಗಿ ಸಾಕಾಗೈತಿ." ಒಯ್ದು ತೋರಿಸಿದರು. ಅವನಪ್ಪನೂ ಎದ್ದು ಕೂತ. ಹೆದರಿಕೆಗೋ, ಸಿಟ್ಟಿಗೋ, ದೇವರೇ ಬಲ್ಲ. ಅಲ್ಲಿಂದ ಕರೆಗಳೋ ಕರೆಗಳು. ಮಿರಜಿನ ದೊಡ್ಡ ದವಾಖಾನೆಗಳಲ್ಲಿ ಮಲಗಿದವರ ಕಡೆಯಿಂದಲೂ ಜನ ಬಂದರು. ಬುಧವಾರದ ವರದಿಯಲ್ಲಿ ಕಾರ್ಯದರ್ಶಿ, "ಈ ವಾರ ಪೆಟಗಿ ಮೂರು ಕಡೆ ಹೋಗಿತ್ತು, ಎಲ್ಲಾರೂ ಆರಾಮ ಆಗ್ಯಾರ" ಎಂದು ಸೋತ ದನಿಯಲ್ಲಿ ಓದುತ್ತಿದ್ದ. ಅತ್ತೆ ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಹೆಣಾ ಇಡಾಕ ಹೋದ್ರ ಹೆಣಾನ ಎದ್ದ ಓಡಾಕತ್ತಾವು!" ಎಂದು ಬಂದವರಿಗೆಲ್ಲ ಹೇಳಿದರು. ಅಷ್ಟು ನಕ್ಕದ್ದನ್ನು ನಾನು ಈ ಮನೆಗೆ ಬಂದಾಗಿನಿಂದ ನೋಡಿರಲಿಲ್ಲ.

ನಮ್ಮವರಿಗೆ ಮಾತ್ರ ನಗು ಬರುತ್ತಿರಲಿಲ್ಲ. ಜೂನ್ ಮುಗಿದರೆ ಅಧ್ಯಕ್ಷಗಿರಿಯೂ ಮುಗಿಯುತ್ತದೆ. ಪೆಟ್ಟಿಗೆ ಒಮ್ಮೆಯಾದರೂ ಉಪಯೋಗಕ್ಕೆ ಬಂದ ಒಂದು ಫೋಟೋ ಇಲ್ಲದೆ ಸರಪಳಿ ಇಳಿಸಬೇಕು. ಮಿರಜಿನವರು ಹಲ್ಲು ಕಿರಿಯುತ್ತಾರೆ.

ಅಷ್ಟರಲ್ಲಿ ಅತ್ತೆ ಹಾಸಿಗೆ ಹಿಡಿದರು. ಡಾಕ್ಟರು ಬಂದು ನೋಡಿ, ಇನ್ನು ಔಷಧಕ್ಕಿಂತ ಸೇವೆಯೇ ದೊಡ್ಡದು ಎಂದು ಹೇಳಿಹೋದರು. ಪೆಟ್ಟಿಗೆ ತೋರಿಸುವ ಉಪಾಯವೂ ಇರಲಿಲ್ಲ, ದಿನವಿಡೀ ಅದರ ಎದುರಿಗೇ ಮಲಗಿದ್ದವರು. ದನಿ ಮಾತ್ರ ಇಳಿದಿತ್ತು. ಮಗ ಬಂದು ಹತ್ತಿರ ಕೂತಾಗಲೆಲ್ಲ ಅದೇ ಕೇಳುವರು.

"ಅದರಾಗ ಹಾಕೂದಿಲ್ಲಲ್ಲೋ? ಹ್ಞೂಂ ಅನ್ನು."

"ನೋಡೂಣವ್ವಾ. ಈಗ ಹಾಲ ಕುಡಿ" ಎನ್ನುವರು ಇವರು.

ಒಂದು ಮಧ್ಯಾಹ್ನ ನಾನು ತಡೆಯದೆ ಅಡಿಗೆಮನೆಗೆ ಕರೆದು ಕೇಳಿದೆ. "ಒಮ್ಮೆ ಹ್ಞೂಂ ಅಂದ್ರ ನಿಮ್ಮ ಗಂಟೇನ ಹೋಗತೈತ್ರಿ? ಆ ಮುದುಕಿ ಜೀವ ಯಾಕ ತಿಂತೀರಿ? ಒಂದ ಫೋಟೋದ ಸಲುವಾಗಿ ಹೆತ್ತಾಕಿನ ಬರ್ಫದಾಗ ಇಡತೀರೇನು?"

ನಾಚಿಕೆಯಾಗಲಿ ಎಂದೇ ಅಂದೆ. ಅವರು ಸಿಟ್ಟಾಗಲಿಲ್ಲ. "ಪುಣೇದಾಕಿ ಏನ ಮಾಡಲಿ?" ಎಂದರು.

ಪುಣೆಯಾಕೆ ಎಂದರೆ ಇವರ ತಂಗಿ, ನನ್ನ ನಾದಿನಿ. ಅಪ್ಪ ತೀರಿದಾಗ ಅವಳು ಬಂದು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಖಾಲಿ ಮಂಚ ಹಿಡಿದು ಅತ್ತಿದ್ದಳು, ವರುಷಗಟ್ಟಲೆ ಅಣ್ಣನ ಮನೆಗೆ ಕಾಲಿಟ್ಟಿರಲಿಲ್ಲ. ಪೆಟ್ಟಿಗೆಯ ಸುದ್ದಿ ಕೇಳಿ ಕ್ಲಬ್ಬಿನ ಹೊರಗೆ ಖುಷಿಪಟ್ಟವಳು ಅವಳೊಬ್ಬಳೇ. "ಅವ್ವನ ಮಾರಿಯರ ನೋಡಾಕ ಸಿಗತೈತಿ" ಎಂದು ಫೋನಿನಲ್ಲಿ ಅಂದಿದ್ದಳಂತೆ. ನನಗೆ ಅದು ಗೊತ್ತಿರಲಿಲ್ಲ. ಫೋಟೋದ ಆಸೆ ಎಷ್ಟು, ತಂಗಿಯ ಮೇಲಿನ ಮರುಕ ಎಷ್ಟು ಎಂದು ತೂಗಿ ನೋಡಲು ನನ್ನಿಂದ ಆಗಲಿಲ್ಲ. ಬಹುಶಃ ಇವರಿಂದಲೂ ಆಗಿರಲಿಲ್ಲ.

ಮಳೆ ಹಿಡಿದ ಒಂದು ಬೆಳಿಗ್ಗೆ ಅತ್ತೆ ಹೋದರು. ಬಾಯಲ್ಲಿ ಣಮೋಕಾರ ಮಂತ್ರ ಇತ್ತು, ಕೈ ನನ್ನ ಕೈಯಲ್ಲಿತ್ತು. ಕೊನೆಯವರೆಗೂ ಇವರು ಹ್ಞೂಂ ಅಂದಿರಲಿಲ್ಲ.

ಬಂಧುಗಳಿಗಿಂತ ಮೊದಲು ಬಂದವರು ಕ್ಲಬ್ಬಿನವರು. ಎಲ್ಲರ ಕೋಟಿಗೂ ಬಿಲ್ಲೆ. ಕಾರ್ಯದರ್ಶಿ ಕಣ್ಣೀರು ಒರೆಸಿಕೊಳ್ಳುತ್ತಲೇ ಚಾದರ ತೆಗೆದು, ಪ್ಲಗ್ ಹಾಕಿ, ಪೆಟ್ಟಿಗೆ ಚಾಲೂ ಮಾಡಿದ. ಕೆಂಪು ದೀಪ ಹತ್ತಿ, ಅದು ಗುಂಯ್ ಎನ್ನತೊಡಗಿತು. ಫೋಟೋಗ್ರಾಫರನೂ ಬಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತ. ಅವನನ್ನು ಯಾರು ಕರೆದರೋ ಗೊತ್ತಿಲ್ಲ, ರೂಢಿಯ ಮೇಲೆ ಬಂದಿರಬೇಕು. ಇತ್ತ ಸಮಾಜದ ಹಿರಿಯರು ಬಿದಿರು ತರಿಸಿ ಚಟ್ಟ ಕಟ್ಟಲು ಕೂತರು. ಅತ್ತ ಫೋನು ಹೊಡೆದುಕೊಂಡಿತು. ಪುಣೆಯದು. ರಿಸೀವರ್ ಇವರ ಕಿವಿಗಿದ್ದರೂ ಅಳು ನನಗೆ ಕೇಳುತ್ತಿತ್ತು.

"ಅಣ್ಣಾ, ಈಗ ಬಸ್ ಹಿಡಿತೇನಿ. ಸಂಜೀಕ ಬರತೇನಿ. ನಾ ಬರೂತನಕ ಅವ್ವನ ಇಡು. ನಿನ್ನ ಕಡೆ ಪೆಟಗಿ ಐತೆಲ್ಲ! ಇಡತಿಯಲ್ಲ?"

ಇವರು ರಿಸೀವರ್ ಇಟ್ಟರು. ಹಿರಿಯರೊಬ್ಬರು, "ಹೊತ್ತ ಆಗಾಕತ್ತೈತಿ, ಏನ ಮಾಡತೀಯಪಾ?" ಎಂದರು. ಕಾರ್ಯದರ್ಶಿ ಹತ್ತಿರ ಬಂದು ಮೆಲ್ಲಗೆ, "ಥಂಡಿ ಆಗೈತ್ರಿ ಅಧ್ಯಕ್ಷರ. ತಯಾರ ಐತಿ" ಎಂದ. ಪಡಸಾಲೆಯ ಜನವೆಲ್ಲ ಇವರನ್ನು ನೋಡುತ್ತಿತ್ತು. ನಾನು ಅತ್ತೆಯ ತಲೆದೆಸೆಯಲ್ಲಿ ಕೂತು ಮನಸ್ಸಿನಲ್ಲೇ ಬೈಯುತ್ತಿದ್ದೆ, ಬೇಡುತ್ತಲೂ ಇದ್ದೆ.

ಇವರು ಪೆಟ್ಟಿಗೆಯ ಹತ್ತಿರ ಹೋಗಿ ಗಾಜಿನ ಮುಚ್ಚಳ ಎತ್ತಿದರು. ಒಳಗೆ ಕೈ ಇಟ್ಟರು. ಬಹಳ ಹೊತ್ತು ಇಟ್ಟುಕೊಂಡೇ ನಿಂತರು. ಆಮೇಲೆ ಕೈ ತೆಗೆದು ಧೋತರಕ್ಕೆ ಉಜ್ಜಿಕೊಂಡರು.

"ಬ್ಯಾಡ್ರಿ" ಎಂದರು. "ಅವ್ವಗ ಥಂಡಿ ಆಗತೈತಿ."

ಕಾರ್ಯದರ್ಶಿ ಬಾಯಿ ತೆರೆದ. ಪೆಟ್ಟಿಗೆ ಇರುವುದೇ ಥಂಡಿ ಮಾಡಲು ಎಂದು ಹೇಳಲು ಹೊರಟಿದ್ದ, ಮುಖದ ಮೇಲೆ ಬರೆದಿತ್ತು. ಅದರ ಬದಲು ಬಿಲ್ಲೆ ತೆಗೆದು ಜೇಬಿಗೆ ಹಾಕಿಕೊಂಡು, ಚಟ್ಟ ಕಟ್ಟುವವರ ಹತ್ತಿರ ಹೋಗಿ ಹಗ್ಗ ಹಿಡಿದ. ಉಳಿದವರೂ ಹೋದರು. ಮಧ್ಯಾಹ್ನದೊಳಗೆ ಅತ್ತೆಯನ್ನು ಕೃಷ್ಣೆಯ ದಂಡೆಗೆ ಒಯ್ದರು. ಅರಿಷಿಣದವರೆಲ್ಲ ಪಾಳಿಯ ಮೇಲೆ ಹೆಗಲು ಕೊಟ್ಟರಂತೆ.

ಗದ್ದಲದಲ್ಲಿ ಪೆಟ್ಟಿಗೆ ಆರಿಸಲು ಯಾರಿಗೂ ನೆನಪಾಗಲಿಲ್ಲ. ನನಗೆ ನೆನಪಿತ್ತು, ಗುಂಡಿ ಎಲ್ಲಿದೆ ಎಂಬುದೂ ಗೊತ್ತಿತ್ತು. ಆದರೆ ಅತ್ತೆಯ ದನಿಯಿಲ್ಲದ ಆ ಪಡಸಾಲೆಯಲ್ಲಿ ಅದೂ ಸುಮ್ಮನಾಗಿಬಿಟ್ಟರೆ ಕೂತಿರುವುದು ನನ್ನಿಂದ ಆಗುತ್ತಿರಲಿಲ್ಲ. ಹಾಗೇ ಬಿಟ್ಟೆ.

ಸಂಜೆ ನಾದಿನಿ ಬಂದಳು. ತೊಯ್ದ ಸೀರೆಯಲ್ಲೇ ಪಡಸಾಲೆಗೆ ನುಗ್ಗಿ, ನೇರ ಪೆಟ್ಟಿಗೆಯ ಹತ್ತಿರ ಹೋಗಿ, ಗಾಜಿನ ಮೇಲಿನ ಮಂಜು ಸೆರಗಿನಿಂದ ಒರೆಸಿ ಒಳಗೆ ನೋಡಿದಳು. ತಿರುಗಿದಾಗ ಅವಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

"ಯಾಕ ಇಡಲಿಲ್ಲಣ್ಣಾ?"

ಇವರು ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದರು. ಅವ್ವನೇ ಬೇಡ ಅಂದಿದ್ದಳು ಎಂದು ಹೇಳಬಹುದಿತ್ತು. ಯಾರ ಸಲುವಾಗಿಯೂ ಕಾಯಬೇಡಿ ಎಂದಿದ್ದಳು ಎಂಬ ಮಾತನ್ನು ಮಗಳಿಗೆ ಹೇಳುವುದು ಹೇಗೆ?

"ಪೆಟಗಿ ಕೆಟ್ಟಿತ್ತವಾ" ಎಂದರು.

ಪೆಟ್ಟಿಗೆ ಒಂದೇ ಸವನೆ ಗುಂಯ್‌ಗುಡುತ್ತಿತ್ತು. ಕೆಂಪು ದೀಪ ಉರಿಯುತ್ತಿತ್ತು. ನಾದಿನಿ ಅಂಗೈಯನ್ನು ಗಾಜಿನ ಮೇಲೆ ಊರಿ ನಿಂತು ಅಣ್ಣನನ್ನು ನೋಡಿದಳು. ಆಮೇಲೆ ಬಂದು ಅವರ ಮಗ್ಗುಲಿಗೆ ನೆಲದ ಮೇಲೆ ಕೂತಳು.

"ಹ್ಞೂಂ" ಎಂದಳು. "ಕೆಟ್ಟೈತಿ."